ಬ್ಯಾಲಾಳಿನ ಆಂಟೆನಾಗೆ ಮಂಗಳ ಕಾಣದ ಬೆಳಿಗ್ಗೆ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳನ ಸೆರೆಗೆ ಸಿಗಲು ವೇಗ ತಗ್ಗಿಸಬೇಕಿದ್ದ ಮಂಗಳಯಾನ ನೌಕೆಯ ಎಂಜಿನ್ ಹೊತ್ತಿಕೊಂಡಾಗ ಟಿವಿ ಮುಂದೆ ಕೂತವರೆಲ್ಲ ಪೀಣ್ಯದ ಇಸ್ರೊ ನಿಯಂತ್ರಣ ಕೇಂದ್ರವನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳಿನಲ್ಲಿ ದೂರದ ನೌಕೆಗಳ ಸಂಕೇತ ಹಿಡಿಯಲೆಂದೇ ಕಟ್ಟಿದ 32 ಮೀಟರ್ ಅಗಲದ ಆಂಟೆನಾ ಇದೆ. ಆದರೆ ಆ ಗಳಿಗೆಯಲ್ಲಿ ಅದು ಏನನ್ನೂ ಕೇಳಿಸಿಕೊಳ್ಳುವ ಹಾಗಿರಲಿಲ್ಲ. ಕೆಟ್ಟಿರಲಿಲ್ಲ; ನಮ್ಮ ಪಾಲಿಗೆ ಮಂಗಳ ಇನ್ನೂ ಹುಟ್ಟಿರಲಿಲ್ಲ, ಅಷ್ಟೇ. ಸಂಕೇತ ಹಿಡಿದುಕೊಟ್ಟದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ನಾಸಾ ಕೇಂದ್ರ.

ಆ ವಾರ ಕತ್ತಲಾದ ಮೇಲೆ ನೈಋತ್ಯದ ಕಡೆ ಕಣ್ಣು ಹಾಯಿಸಿದ್ದವರಿಗೆ ಬೆಳಿಗ್ಗೆ ಮಂಗಳ ಹುಟ್ಟಿರದಿದ್ದುದರಲ್ಲಿ ಅಚ್ಚರಿಯೇನೂ ಇರಲಿಲ್ಲ. ವೃಶ್ಚಿಕ ರಾಶಿಯಲ್ಲಿ ಜ್ಯೇಷ್ಠಾ ನಕ್ಷತ್ರದ ಹತ್ತಿರ ಮಂಗಳನಿದ್ದ. ಅಕ್ಕಪಕ್ಕದಲ್ಲಿ ಎರಡು ಕೆಂಪು ಚುಕ್ಕೆ. ರಾತ್ರಿ ಊಟದ ಹೊತ್ತಿಗೆ ಮುಳುಗುವ ಗ್ರಹ ಮರುದಿನ ಸೂರ್ಯ ಹುಟ್ಟಿ ಕೆಲವು ಗಂಟೆ ಕಳೆದ ಮೇಲೆಯೇ ಮೇಲೇಳಬೇಕು. ಇಷ್ಟು ತಿಳಿಯಲು ದೂರದರ್ಶಕ ಬೇಡ, ನಾಲ್ಕು ಸಂಜೆ ಮಾಳಿಗೆ ಹತ್ತಿದರೆ ಸಾಕು. ಭೂಮಿ ತಿರುಗುತ್ತಲೇ ಇರುವುದರಿಂದಲೇ ನಾಸಾ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನ್‌ನ ಮ್ಯಾಡ್ರಿಡ್ ಮತ್ತು ಕ್ಯಾನ್‌ಬೆರಾಗಳಲ್ಲಿ ಆಂಟೆನಾ ಇಟ್ಟಿದೆ. ಒಂದಕ್ಕೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ.

ಬ್ಯಾಲಾಳಿನ ಆಂಟೆನಾ 2008ರಲ್ಲಿ ಚಂದ್ರಯಾನ-1ಕ್ಕಾಗಿ ಸಿದ್ಧವಾದದ್ದು. ಸುತ್ತಲಿನ ಗುಡ್ಡಗಳು ನಗರದ ರೇಡಿಯೊ ಗದ್ದಲವನ್ನು ತಡೆಯುತ್ತವೆ. ಅಷ್ಟು ದೊಡ್ಡ ತಟ್ಟೆ ಆಕಾಶವನ್ನೆಲ್ಲ ಒಮ್ಮೆಗೇ ನೋಡುತ್ತದೆ ಎಂದುಕೊಳ್ಳುವವರೇ ಹೆಚ್ಚು. ತಿರುವುಮುರುವು! ತಟ್ಟೆ ದೊಡ್ಡದಾದಷ್ಟೂ ನೋಟ ಕಿರಿದು. ಮಂಗಳಯಾನ ಬಳಸಿದ ಎಸ್ ಬ್ಯಾಂಡಿನ ಅಲೆಯ ಉದ್ದ ಸುಮಾರು 13 ಸೆಂ.ಮೀ. ಆ ಅಲೆಗೆ 32 ಮೀಟರ್ ತಟ್ಟೆಯ ನೋಟದ ಅಗಲ ಹುಣ್ಣಿಮೆ ಚಂದ್ರನ ಅರ್ಧಕ್ಕಿಂತ ತುಸು ಹೆಚ್ಚು. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ತಟ್ಟೆ ಒಂದೆರಡು ನಿಮಿಷ ಮೈಮರೆತು ನಿಂತರೆ ನೌಕೆ ಕೈತಪ್ಪಿತು. ಹಾಗಾಗಿ ಆ ಭಾರೀ ಲೋಹದ ರಾಶಿ ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ಹೊರಳುತ್ತಲೇ ಇರುತ್ತದೆ.

ಅಂದು ನೌಕೆ ಸುಮಾರು 22 ಕೋಟಿ ಕಿ.ಮೀ. ದೂರದಲ್ಲಿತ್ತು. ಸಂಕೇತ ಬರಲು ಹನ್ನೆರಡು ನಿಮಿಷದ ಮೇಲೆ ಬೇಕು. ಇಲ್ಲಿಂದ ಬ್ರೇಕ್ ಒತ್ತುವ ಮಾತೇ ಇಲ್ಲ. ಆದೇಶಗಳನ್ನೆಲ್ಲ ಮೊದಲೇ ಕಳಿಸಿಯಾಗಿತ್ತು. ಸಾಲದ್ದಕ್ಕೆ ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳನ ಹಿಂದೆ ಮರೆಯಾಯಿತು.

ಹಾಗಾದರೆ ವೇಗ ತಗ್ಗಿತೆಂದು ತಿಳಿದದ್ದು ಹೇಗೆ? ರೈಲಿನ ಸಿಳ್ಳೆಯ ಉದಾಹರಣೆ ಕೊಟ್ಟು ಮೇಷ್ಟ್ರು ಪಾಠ ಮಾಡಿದ ಡಾಪ್ಲರ್ ಪರಿಣಾಮವೇ ಇಲ್ಲಿಯೂ. ನೌಕೆಯ ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 230 ಕೋಟಿ ಬಾರಿ ಕಂಪಿಸುತ್ತದೆ. ನಮ್ಮ ದಿಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಮೀಟರ್ ಬದಲಾದರೂ ಆ ಎಣಿಕೆಯಲ್ಲಿ ಏಳೆಂಟು ಕಂಪನಗಳ ವ್ಯತ್ಯಾಸ ಬೀಳುತ್ತದೆ. 230 ಕೋಟಿಯಲ್ಲಿ ಏಳೆಂಟು! ನನ್ನ ಮಟ್ಟಿಗೆ ರಾಕೆಟ್ಟಿನ ಬೆಂಕಿಗಿಂತ ಬೆರಗಿನ ಸಂಗತಿ ಇದು. ಮಂಗಳನ ಸೆರೆಗೆ ಸಿಗಬೇಕಾದರೆ ನೌಕೆ ತನ್ನ ವೇಗವನ್ನು ಸೆಕೆಂಡಿಗೆ ಸುಮಾರು 1,100 ಮೀಟರ್ ಇಳಿಸಬೇಕಿತ್ತು. ಇಳಿಸಿದೆಯೆಂದು ಖಚಿತವಾಗಿ, ಎಂಟು ಗಂಟೆಯ ಹೊತ್ತಿಗೆ ಪೀಣ್ಯದಲ್ಲಿ ಚಪ್ಪಾಳೆ ಬಿತ್ತು. ಮಂಗಳನ ಫೋಟೊ ಬಂದದ್ದು ಆಮೇಲೆ.