ಕಂಟೇನರ್ ಅಳಿಸಿದರೂ ಡೇಟಾ ಉಳಿಯಬೇಕು ಅಂದ್ರೆ

ಡಾಕರ್ 2013ರಲ್ಲಿ ಹೊರಬಂದ ಮೇಲೆ ಸಾಫ್ಟ್‌ವೇರ್ ನಡೆಸೋದು ಸುಲಭ ಆಗಿದೆ, ನಿಜ. ಒಂದು ಕಮಾಂಡ್ ಕೊಟ್ಟರೆ ಡೇಟಾಬೇಸ್ ತಯಾರು. ಆದರೆ ಕಂಟೇನರ್ ಒಳಗೆ ಬರೆದದ್ದು ಸಾಮಾನ್ಯವಾಗಿ ಆ ಕಂಟೇನರ್ ಇರುವಷ್ಟು ದಿನ ಮಾತ್ರ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಉಳಿಯುತ್ತದೆ, ಅಳಿಸಿದರೆ ಹೋಯ್ತು. ಹೊಸ ಆವೃತ್ತಿಗೆ ಹೋಗುವುದು ಅಂದ್ರೆ ಹಳೇ ಕಂಟೇನರ್ ಅಳಿಸಿ ಹೊಸದು ಹಾಕುವುದೇ ತಾನೆ? ಸಹಕಾರ ಸಂಘವೊಂದರ ಸಾಲದ ಲೆಕ್ಕವೆಲ್ಲ ಅದರೊಳಗಿದ್ದರೆ ಏನು ಗತಿ, ಯೋಚಿಸಿ.

ಇದಕ್ಕೇ ವಾಲ್ಯೂಮ್ ಇರುವುದು. ಕಂಟೇನರ್‌ನ ಹೊರಗೆ ಡಾಕರ್ ನೋಡಿಕೊಳ್ಳುವ ಜಾಗ ಅದು. ‘ಡಾಕರ್ ವಾಲ್ಯೂಮ್ ಕ್ರಿಯೇಟ್ ಲೆಕ್ಕ’ ಅಂತ ಟೈಪ್ ಮಾಡಿದರೆ ‘ಲೆಕ್ಕ’ ಎಂಬ ವಾಲ್ಯೂಮ್ ಸಿದ್ಧ. (ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಕನ್ನಡ ಲಿಪಿಯನ್ನು ಡಾಕರ್ ಇಲ್ಲಿ ಒಪ್ಪೋದಿಲ್ಲ.) ಆಮೇಲೆ ‘ಡಾಕರ್ ರನ್’ ಕಮಾಂಡ್‌ನಲ್ಲಿ ‘-ವಿ’ ಹಾಕಿ, ವಾಲ್ಯೂಮ್ ಹೆಸರು, ಕೋಲನ್, ಕಂಟೇನರ್ ಒಳಗಿನ ದಾರಿ ಬರೆಯಬೇಕು. ಮೈಎಸ್‌ಕ್ಯೂಎಲ್‌ಗೆ ಆ ದಾರಿ ‘/ವಾರ್/ಲಿಬ್/ಮೈಎಸ್‌ಕ್ಯೂಎಲ್’.

ಹೆಚ್ಚಿನವರು ಎಡವುವುದು ಈ ದಾರಿಯಲ್ಲೇ. ಒಂದಕ್ಷರ ತಪ್ಪಿದರೂ ಡಾಕರ್ ದೂರು ಹೇಳೋದಿಲ್ಲ. ನಿಮ್ಮ ‘ಲೆಕ್ಕ’ ಖಾಲಿ ಬಿದ್ದಿರುತ್ತದೆ. ಮೈಎಸ್‌ಕ್ಯೂಎಲ್ ಇಮೇಜ್ ತಾನೇ ಕೇಳಿಕೊಳ್ಳುವ, 64 ಅಕ್ಷರದ ಅರ್ಥವಾಗದ ಹೆಸರಿನ ಬೇರೊಂದು ವಾಲ್ಯೂಮ್‌ಗೆ ಡೇಟಾ ಹೋಗುತ್ತಿರುತ್ತದೆ. ಮುಂದಿನ ಸಲ ಹೊಸ ಕಂಟೇನರ್ ಹಾಕಿದಾಗ ಇನ್ನೊಂದು ಖಾಲಿ ವಾಲ್ಯೂಮ್! ಅದಕ್ಕೇ ‘ಡಾಕರ್ ಇನ್‌ಸ್ಪೆಕ್ಟ್’ ಕೊಟ್ಟು ‘ಮೌಂಟ್ಸ್’ ಭಾಗದಲ್ಲಿ ಹೆಸರು, ದಾರಿ ಎರಡನ್ನೂ ನೋಡದೆ ನಾನು ಡೇಟಾ ತುಂಬುವುದಿಲ್ಲ. ಅದಕ್ಕಿಂತ ಒಳ್ಳೆ ಪರೀಕ್ಷೆ ಅಂದ್ರೆ, ನಾಲ್ಕು ಸಾಲು ಬರೆದು, ಕಂಟೇನರನ್ನು ಬೇಕಂತಲೇ ಅಳಿಸಿ, ಹೊಸದು ಹಾಕಿ ನೋಡುವುದು.

ಅಳಿಸುವ ಕಮಾಂಡ್‌ಗಳ ಬಗ್ಗೆಯೂ ಹುಷಾರಾಗಿರಿ. ‘ಡಾಕರ್ ಕಂಪೋಸ್ ಡೌನ್’ ವಾಲ್ಯೂಮ್ ಮುಟ್ಟೋದಿಲ್ಲ. ಅದಕ್ಕೇ ‘-ವಿ’ ಸೇರಿಸಿದರೆ ಕಂಪೋಸ್ ಫೈಲ್‌ನಲ್ಲಿ ಘೋಷಿಸಿದ ವಾಲ್ಯೂಮ್‌ಗಳೂ ಹೋಗುತ್ತವೆ, ‘ಖಚಿತವೇ?’ ಅಂತ ಕೇಳೋದೂ ಇಲ್ಲ. ಒಂದು ಕಡೆ ಡೇಟಾ ಉಳಿಸುವ ಅಕ್ಷರವೇ ಇನ್ನೊಂದು ಕಡೆ ಅಳಿಸುವುದು ಕೆಟ್ಟ ವಿನ್ಯಾಸ ಅನ್ನೋದು ನನ್ನ ಅಭಿಪ್ರಾಯ. ‘ಡಾಕರ್ ವಾಲ್ಯೂಮ್ ಪ್ರೂನ್’ ಮಾತ್ರ 2023ರ 23ನೇ ಆವೃತ್ತಿಯಿಂದ ಸ್ವಲ್ಪ ಮೃದುವಾಗಿದೆ, ಹೆಸರಿಟ್ಟ ವಾಲ್ಯೂಮ್‌ಗಳನ್ನು ತಾನಾಗಿ ತೆಗೆಯೋದಿಲ್ಲ.

ಇಷ್ಟಾದರೂ ವಾಲ್ಯೂಮ್ ಅಂದ್ರೆ ಬ್ಯಾಕಪ್ ಅಲ್ಲ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ‘/ವಾರ್/ಲಿಬ್/ಡಾಕರ್/ವಾಲ್ಯೂಮ್ಸ್’ ಒಳಗೆ, ಅದೇ ಯಂತ್ರದ ಡಿಸ್ಕ್‌ನಲ್ಲಿರುತ್ತದೆ. ಡಿಸ್ಕ್ ಕೆಟ್ಟರೆ ಎರಡೂ ಹೋದವು. ‘ಮೈಎಸ್‌ಕ್ಯೂಎಲ್‌ಡಂಪ್’ನಿಂದ ಪ್ರತಿ ತೆಗೆದು ಬೇರೆ ಯಂತ್ರಕ್ಕೆ ಕಳಿಸಿ, ಅಲ್ಲಿ ಒಮ್ಮೆ ತುಂಬಿಯೂ ನೋಡಿ.