ಎಳನೀರಿನೊಳಗಿನ ಕಾಂತಗಳು

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ತೋಟದಿಂದ ಒಂದು ಎಳನೀರು ತಂದು ಕಾಂತದ ಬಳಿ ಹಿಡಿಯಿರಿ. ಕಣ್ಣಿಗೆ ಕಾಣುವಂತಹುದೇನೂ ಆಗುವುದಿಲ್ಲ. ಆದರೂ ಆ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜ, ಅಂದರೆ ಪ್ರೋಟಾನ್, ಒಂದು ಪುಟ್ಟ ಕಾಂತ. ಅದಕ್ಕೆ ವಿದ್ಯುದಾವೇಶವಿದೆ, ಸ್ಪಿನ್ ಅಥವಾ ಗಿರಕಿ ಇದೆ, ಕಾಂತತ್ವವೂ ಇದೆ. ಈ ಮೂರು ಗುಣಗಳು ಎಲ್ಲಿಂದ ಬಂದವು?

ಕಣವು ಬುಗುರಿಯಂತೆ ಸುತ್ತುತ್ತದೆ, ಸುತ್ತುವ ಆವೇಶವು ವಿದ್ಯುತ್ ಪ್ರವಾಹದಂತೆ ವರ್ತಿಸಿ ಕಾಂತತ್ವ ಕೊಡುತ್ತದೆ ಎಂದು ತರಗತಿಯಲ್ಲಿ ಹೇಳುವುದುಂಟು. ಈ ಹೋಲಿಕೆ ಬಹುದೂರ ಸಾಗದು. ಎಲೆಕ್ಟ್ರಾನಿಗೆ ಸ್ಪಿನ್ ಇದೆಯೆಂದು 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಸೂಚಿಸಿದರು. ಎಲೆಕ್ಟ್ರಾನನ್ನು ಪುಟ್ಟ ಗೋಳವೆಂದು ಭಾವಿಸಿ ಲೆಕ್ಕ ಹಾಕಿದರೆ, ಅದರ ಮೇಲ್ಮೈ ಬೆಳಕಿಗಿಂತ ವೇಗವಾಗಿ ಸುತ್ತಬೇಕಾಗುತ್ತದೆ! ಇದು ಅಸಾಧ್ಯ. ಆದ್ದರಿಂದ ಸ್ಪಿನ್ ಎಂಬುದು ಕಣಕ್ಕೆ ಸಹಜವಾಗಿಯೇ ಇರುವ ಕೋನೀಯ ಸಂವೇಗ. ಬುಗುರಿಯ ಗಿರಕಿಯಂತೆ ಅದನ್ನು ಹೆಚ್ಚಿಸಲಾಗದು, ನಿಲ್ಲಿಸಲೂ ಆಗದು. 1928ರಲ್ಲಿ ಡಿರಾಕ್ ಕ್ವಾಂಟಮ್ ಸಿದ್ಧಾಂತವನ್ನು ವಿಶೇಷ ಸಾಪೇಕ್ಷತಾ ಸಿದ್ಧಾಂತದೊಡನೆ ಹೊಂದಿಸಿದಾಗ, ಎಲೆಕ್ಟ್ರಾನಿನ ಸ್ಪಿನ್ ಮತ್ತು ಕಾಂತತ್ವ ಎರಡೂ ಸಮೀಕರಣದಿಂದ ತಾವಾಗಿಯೇ ಹೊರಬಂದವು.

ಪ್ರೋಟಾನಿನ ಕಥೆ ಬೇರೆ. ಅದರ ಕಾಂತತ್ವ ಡಿರಾಕ್ ಸಮೀಕರಣ ಸೂಚಿಸುವುದಕ್ಕಿಂತ ಸುಮಾರು 2.79 ಪಟ್ಟು ಹೆಚ್ಚು. ಆವೇಶವೇ ಇಲ್ಲದ ನ್ಯೂಟ್ರಾನ್ ಕೂಡ ಕಾಂತ! ಇವೆರಡೂ ಮೂಲಕಣಗಳಲ್ಲ, ಕ್ವಾರ್ಕುಗಳಿಂದಾದವು ಎಂಬುದೇ ಇದಕ್ಕೆ ಕಾರಣ. ‘ಅಪ್’ ಕ್ವಾರ್ಕಿನ ಆವೇಶ +2/3, ‘ಡೌನ್’ ಕ್ವಾರ್ಕಿನದು –1/3. ಎರಡು ಅಪ್, ಒಂದು ಡೌನ್ ಸೇರಿದರೆ ಪ್ರೋಟಾನ್. ಒಟ್ಟು ಆವೇಶ +1. ಒಂದು ಅಪ್, ಎರಡು ಡೌನ್ ಸೇರಿದರೆ ನ್ಯೂಟ್ರಾನ್, ಒಟ್ಟು ಸೊನ್ನೆ. ಇಲ್ಲಿ ಆವೇಶಗಳು ಪರಸ್ಪರ ರದ್ದಾದರೂ ಕ್ವಾರ್ಕುಗಳ ಕಾಂತತ್ವ ಪೂರ್ತಿ ರದ್ದಾಗುವುದಿಲ್ಲ.

ಹಾಗಾದರೆ ಆವೇಶವೆಂದರೇನು? ಕಣವು ವಿದ್ಯುತ್ಕಾಂತ ಕ್ಷೇತ್ರದೊಡನೆ ಎಷ್ಟು ಬಲವಾಗಿ ವರ್ತಿಸುತ್ತದೆ ಎಂಬುದರ ಅಳತೆಯೇ ಆವೇಶ. ಯಾವ ಕ್ರಿಯೆಯಲ್ಲೂ ಒಟ್ಟು ಆವೇಶ ಬದಲಾಗದು. ಆದರೆ ಕ್ವಾರ್ಕುಗಳಿಂದಾದ ಪ್ರೋಟಾನಿನ ಆವೇಶವೂ ಮೂಲಕಣವಾದ ಎಲೆಕ್ಟ್ರಾನಿನದೂ ಪರಿಮಾಣದಲ್ಲಿ ಸರಿಸಮವಾಗಿರುವುದೇಕೆ? ಈ ಪ್ರಶ್ನೆಗೆ ಭೌತವಿಜ್ಞಾನ ಇನ್ನೂ ಕೊನೆಯ ಉತ್ತರ ಕೊಟ್ಟಿಲ್ಲ. ವಿದ್ಯಾರ್ಥಿಗಳಿಗೆ ಇದನ್ನೂ ಹೇಳಬೇಕು.

ಈಗ ಎಳನೀರಿಗೆ ಮರಳೋಣ. ಪ್ರೋಟಾನ್ ಕಾಂತಗಳು ಎಲ್ಲ ದಿಕ್ಕುಗಳಿಗೂ ಮುಖ ಮಾಡಿರುವುದರಿಂದ ಅವುಗಳ ಪರಿಣಾಮ ಅಳಿಸಿಹೋಗುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟರೆ ದಶಲಕ್ಷಕ್ಕೆ ಕೆಲವು ಮಾತ್ರ ಹೆಚ್ಚಾಗಿ ಕ್ಷೇತ್ರದ ದಿಕ್ಕಿಗೆ ವಾಲುತ್ತವೆ. ತಕ್ಕ ಆವೃತ್ತಿಯ ರೇಡಿಯೋ ಅಲೆ ಹಾಯಿಸಿದಾಗ ಅವು ಸ್ಪಂದಿಸುತ್ತವೆ. ಇದೇ ಬೀಜಕಾಂತೀಯ ಅನುರಣನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಈ ಸಂಕೇತವನ್ನು ಪರೀಕ್ಷಿಸಿ 1951ರಲ್ಲಿ ಪ್ರಕಟಿಸಿದರು. ರೇಡಿಯೋ ಅಲೆಗೆ ಸಿಕ್ಕಿ ದಣಿದ ಪ್ರೋಟಾನುಗಳು ಹರಿದುಹೋಗಿ ಹೊಸವು ಬರುವುದರಿಂದ ಹರಿವಿನಲ್ಲಿ ಸಂಕೇತ ಬಲವಾಗುತ್ತದೆ. ಎಂ.ಆರ್.ಐ. ಯಂತ್ರದಲ್ಲಿ ರಕ್ತದ ಹರಿವನ್ನು ಗುರುತಿಸುವ ವಿಧಾನಗಳಿಗೆ ಇಂತಹ ಅಧ್ಯಯನಗಳೇ ಬುನಾದಿ.

ಮುಂದಿನ ಬಾರಿ ತರಗತಿಯಲ್ಲಿ ಬುಗುರಿಯನ್ನು ತೋರಿಸಿ. ಜೊತೆಗೆ, ಕಣ ಯಾವ ಬಗೆಯಲ್ಲಿ ಬುಗುರಿಯಲ್ಲ ಎಂಬುದನ್ನೂ ತಿಳಿಸಿ.