ಐಬಿಎಸ್‌ಗೆ ಫಾಡ್‌ಮ್ಯಾಪ್ ಪಥ್ಯ: ಬಿಟ್ಟದ್ದನ್ನು ಮತ್ತೆ ತಿಂದು ನೋಡುವ ಕ್ರಮ

ಇರಿಟೆಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್, ಕರುಳಿನಲ್ಲಿ ಹುಣ್ಣೋ ಗಂಟೋ ಆಗಿ ಬರುವ ಕಾಯಿಲೆಯಲ್ಲ. ಕರುಳು ಕೆಲಸ ಮಾಡುವ ರೀತಿ ತಪ್ಪಿ ಬರುವ ತೊಂದರೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಆದರೂ ಹೊಟ್ಟೆ ನುಲಿಯುತ್ತದೆ, ಊಟವಾದ ಮೇಲೆ ಉಬ್ಬರಿಸುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಒಂದಾದ ಮೇಲೊಂದು ಎರಡೂ. 2016ರ ರೋಮ್ 4 ಮಾನದಂಡದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು, ಆ ನೋವಿಗೂ ಮಲವಿಸರ್ಜನೆಗೂ ನಂಟಿರಬೇಕು, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿನಡಿ ಇದನ್ನೂ ಸೇರಿಸಿಬಿಟ್ಟು, ವರ್ಷಗಟ್ಟಲೆ ಆಸಿಡಿಟಿ ಮಾತ್ರೆ ನುಂಗುತ್ತಿರುವವರು ನಮ್ಮಲ್ಲಿ ಬಹಳ ಮಂದಿ.

ತಿಂದದ್ದಕ್ಕೂ ಈ ತೊಂದರೆಗೂ ಸಂಬಂಧವಿದೆ ಎಂದು ರೋಗಿಗಳು ಮೊದಲಿನಿಂದಲೂ ಹೇಳುತ್ತಿದ್ದರು. ಯಾವ ಆಹಾರ ಎಂಬುದನ್ನು ಹಿಡಿಯುವುದೇ ಕಷ್ಟವಾಗಿತ್ತು. ಅದಕ್ಕೊಂದು ಚೌಕಟ್ಟು ಸಿಕ್ಕಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಆಹಾರತಜ್ಞೆ ಸೂ ಶೆಫರ್ಡ್ ಮತ್ತು ಮೊನಾಶ್ ವಿಶ್ವವಿದ್ಯಾಲಯದ ಜಠರ-ಕರುಳು ತಜ್ಞ ಪೀಟರ್ ಗಿಬ್ಸನ್ 2005ರಲ್ಲಿ ‘ಫಾಡ್‌ಮ್ಯಾಪ್’ ಎಂಬ ಹೆಸರನ್ನು ಮುಂದಿಟ್ಟರು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಿಕ್ಕಿ ಹುಳಿಯುವ ಚಿಕ್ಕ ಸಕ್ಕರೆಗಳ ಗುಂಪು ಇದು. ಅದೇ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ (2014) 30 ಮಂದಿ ಐಬಿಎಸ್ ರೋಗಿಗಳಿಗೆ ಅಡುಗೆಯನ್ನೂ ಒದಗಿಸಿ, 21 ದಿನ ಮಾಮೂಲಿ ಊಟ, 21 ದಿನ ಈ ಸಕ್ಕರೆಗಳು ಕಡಿಮೆ ಇರುವ ಊಟ ಕೊಡಲಾಯಿತು. ಎರಡನೆಯದರಲ್ಲಿ ತೊಂದರೆಯ ಅಂಕ ಸುಮಾರು ಅರ್ಧಕ್ಕೆ ಇಳಿಯಿತು.

ಈ ಸಕ್ಕರೆಗಳು ವಿಷವೇನಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಆಗಲಿ, ಬೇಳೆಕಾಳುಗಳಲ್ಲಿರುವ ಗ್ಯಾಲಕ್ಟೊ-ಆಲಿಗೊಸ್ಯಾಕರೈಡ್ ಆಗಲಿ, ಅವನ್ನು ಒಡೆಯುವ ಕಿಣ್ವ ಯಾವ ಮನುಷ್ಯನಲ್ಲೂ ಇಲ್ಲ. ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ದೊಡ್ಡವರಾದಂತೆ ಅನೇಕರಲ್ಲಿ ಇಳಿಯುತ್ತದೆ, ದಕ್ಷಿಣ ಭಾರತದವರಲ್ಲಿ ಇದು ಹೆಚ್ಚು. ಮಾವು, ಕಲ್ಲಂಗಡಿ, ಜೇನುತುಪ್ಪದಲ್ಲಿ ಗ್ಲೂಕೋಸನ್ನು ಮೀರಿದ ಫ್ರಕ್ಟೋಸ್ ಇರುತ್ತದೆ. ಹೂಕೋಸು, ಅಣಬೆಯಲ್ಲಿ ಮ್ಯಾನಿಟಾಲ್, ಶುಗರ್‌ಲೆಸ್ ಚ್ಯೂಯಿಂಗ್ ಗಮ್‌ನಲ್ಲಿ ಸಾರ್ಬಿಟಾಲ್. ಇವುಗಳಲ್ಲಿ ಕೆಲವು ಸಣ್ಣ ಕರುಳಿಗೆ ನೀರೆಳೆಯುತ್ತವೆ, ಕೆಲವು ದೊಡ್ಡ ಕರುಳಿನಲ್ಲಿ ವಾಯು ಎಬ್ಬಿಸುತ್ತವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಎಂಆರ್‌ಐ ಸ್ಕ್ಯಾನ್‌ನಲ್ಲಿ ಇದನ್ನು ಕಣ್ಣಾರೆ ಕಂಡರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇನ್ನೂ ಮುಖ್ಯವಾದ ಮಾತಿದೆ: ಆರೋಗ್ಯವಂತರ ಹೊಟ್ಟೆಯಲ್ಲೂ ಐಬಿಎಸ್ ಇರುವವರ ಹೊಟ್ಟೆಯಲ್ಲೂ ವಾಯು ಹೆಚ್ಚುಕಡಿಮೆ ಅಷ್ಟೇ ಹುಟ್ಟುತ್ತದೆ, ಕರುಳು ಹಿಗ್ಗಿದ್ದನ್ನು ನೋವಾಗಿ ಅನುಭವಿಸುವವರು ಮಾತ್ರ ಐಬಿಎಸ್‌ನವರು. ‘ಎಲ್ಲರೂ ಇದನ್ನೇ ತಿಂದರಲ್ಲ, ನಿನಗೊಬ್ಬಳಿಗೇ ಏನು?’ ಎಂದು ಕೇಳುವ ಮನೆಯವರಿಗೆ ಇದು ತಿಳಿದಿರಬೇಕು.

ಗೋಧಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಚಪಾತಿ ಬಿಟ್ಟ ಮೇಲೆ ಹೊಟ್ಟೆ ಹಗುರಾದರೆ ಅದು ಗ್ಲುಟೆನ್‌ನ ದೋಷ ಎಂದುಕೊಳ್ಳುವುದು ರೂಢಿ. ನಾರ್ವೆಯಲ್ಲಿ ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಮಂದಿಗೆ ಯಾವುದರಲ್ಲಿ ಏನಿದೆ ಎಂದು ತಿಳಿಸದೆ ತಿನಿಸು ಕೊಟ್ಟು ನೋಡಿದಾಗ (2018), ಹೆಚ್ಚು ತೊಂದರೆ ಕೊಟ್ಟದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್. ಆದರೆ ಗ್ಲುಟೆನ್‌ನಿಂದಲೇ ಬರುವ ಸೀಲಿಯಾಕ್ ಕಾಯಿಲೆ ಬೇರೆ. ಅದರ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು.

ಪಥ್ಯಕ್ಕೆ ಮೊದಲೇ ವೈದ್ಯರನ್ನು ಕಾಣಬೇಕೆನ್ನುವುದು ಇದೇ ಕಾರಣಕ್ಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ಅದನ್ನು ಐಬಿಎಸ್ ಎಂದು ಸುಮ್ಮನಾಗುವಂತಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನೂ ಮರೆಯುವಂತಿಲ್ಲ. ಇದಕ್ಕೆ ಬದಲಾಗಿ, ‘ನಿಮಗೆ ಒಗ್ಗದ ಆಹಾರಗಳು’ ಎಂದು ಉದ್ದನೆಯ ಪಟ್ಟಿ ಕೊಡುವ ಐಜಿಜಿ ರಕ್ತಪರೀಕ್ಷೆಗೆ ಸಾವಿರಾರು ರೂಪಾಯಿ ಸುರಿಯುವುದು ವ್ಯರ್ಥ. ಐಜಿಜಿ ಎಂಬ ಪ್ರತಿಕಾಯ ಇದೆಯೆಂದರೆ ಆ ಆಹಾರ ಒಗ್ಗುವುದಿಲ್ಲವೆಂದಲ್ಲ, ಅದನ್ನು ತಿಂದ ಗುರುತು ಅಷ್ಟೆ.

ಎಲ್ಲರಿಗೂ ಫಾಡ್‌ಮ್ಯಾಪ್ ಪಥ್ಯದ ಕಟ್ಟುನಿಟ್ಟು ಬೇಕೂ ಇಲ್ಲ. ಹೊತ್ತಿಗೆ ಸರಿಯಾಗಿ, ನಿಧಾನವಾಗಿ ಉಣ್ಣುವುದು, ಕಾಫಿ-ಚಹಾ ದಿನಕ್ಕೆ ಮೂರು ಲೋಟ ಮೀರದಿರುವುದು, ಮದ್ಯ ಮತ್ತು ಸೋಡಾ ಪಾನೀಯ ಕಡಿಮೆ ಮಾಡುವುದು ಮೊದಲ ಸಲಹೆ. ಸ್ವೀಡನ್‌ನ 75 ರೋಗಿಗಳ ಅಧ್ಯಯನದಲ್ಲಿ (2015) ಇಂಥ ಸಾದಾ ಸಲಹೆಯಿಂದಲೂ ಫಾಡ್‌ಮ್ಯಾಪ್ ಪಥ್ಯದಿಂದಲೂ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಗುಣ ಕಂಡಿತು. ಸಾದಾ ಕ್ರಮದಿಂದ ಗುಣ ಕಾಣದವರು ಪಥ್ಯಕ್ಕೆ ಇಳಿಯುವುದು ಸರಿ.

ಮೊದಲ ಹಂತದಲ್ಲಿ ಈ ಸಕ್ಕರೆಗಳು ಹೆಚ್ಚಿರುವ ಆಹಾರವನ್ನೆಲ್ಲ 2ರಿಂದ 6 ವಾರ ಬಿಡಬೇಕು. ಅನ್ನ, ಜೋಳದ ರೊಟ್ಟಿ, ಸೌತೆಕಾಯಿ, ಕ್ಯಾರೆಟ್, ಬದನೆ, ಮೊಟ್ಟೆ, ಮೀನು, ಕೋಳಿ, ತುಪ್ಪ ಧಾರಾಳವಾಗಿ ಉಳಿಯುತ್ತವೆ. ಕಷ್ಟ ಬರುವುದು ಒಗ್ಗರಣೆಯಲ್ಲಿ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಆದ್ದರಿಂದ ಹುಳಿಯಲ್ಲಿ ಬೆಂದ ಈರುಳ್ಳಿ ಹೋಳನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡರೆ ಪ್ರಯೋಜನವಿಲ್ಲ, ಅದರ ಸಕ್ಕರೆ ಆಗಲೇ ರಸಕ್ಕೆ ಇಳಿದಿರುತ್ತದೆ. ಬೆಳ್ಳುಳ್ಳಿಯ ರುಚಿ ಬೇಕೇ ಬೇಕೆಂದರೆ ಇಡೀ ಎಸಳುಗಳನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಅವನ್ನು ತೆಗೆದುಹಾಕಿ, ಅದೇ ಎಣ್ಣೆಗೆ ಸಾಸಿವೆ, ಕರಿಬೇವು ಹಾಕಬಹುದು. ಎಸಳು ತೆಗೆಯುವ ತನಕ ಬಾಣಲೆಗೆ ನೀರು ಬೀಳಬಾರದು, ಎಣ್ಣೆಯನ್ನು ಅಂದಂದಿಗೇ ಮಾಡಿಕೊಳ್ಳಬೇಕು. ಈರುಳ್ಳಿಯ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ ಬಳಸಬಹುದು.

ಬೇಳೆಕಾಳಿನದೂ ಇದೇ ಕಥೆ. ರಾತ್ರಿ ನೆನೆಸಿದ ನೀರನ್ನೂ ಬೇಯಿಸಿದ ನೀರನ್ನೂ ಚೆಲ್ಲಿದರೆ ಕಾಳಿನ ಸಕ್ಕರೆ ಒಂದಷ್ಟು ಹೋಗುತ್ತದೆ. ಬಸ್ಸಾರಿನಲ್ಲಿ ಆಗುವುದು ಇದಕ್ಕೆ ಪೂರ್ತಿ ವಿರುದ್ಧ: ಬಸಿದ ಕಟ್ಟೇ ಸಾರಾಗುತ್ತದೆ. ಹೊಟ್ಟೆ ನುಲಿಯುವವರಿಗೆ ಆ ಸಾರಿಗಿಂತ, ಬಸಿದ ಕಾಳಿನ ಎರಡು ಚಮಚ ಪಲ್ಯ ವಾಸಿ, ಅದೂ ಬೆಳ್ಳುಳ್ಳಿ ಹಾಕದಿದ್ದರೆ.

ಈ ಅಡುಗೆ ನಮ್ಮವರಿಗೆ ತೀರ ಅಪರಿಚಿತವೂ ಅಲ್ಲ. ಉಡುಪಿಯ ಮಠಗಳ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಬೀಳುವುದಿಲ್ಲ. ಮಾಧ್ವ ಮನೆಗಳ ಚಾತುರ್ಮಾಸ್ಯದಲ್ಲಿ ಕ್ಷೀರವ್ರತದ ತಿಂಗಳು ಹಾಲಿಲ್ಲ, ದ್ವಿದಳವ್ರತದ ತಿಂಗಳು ಬೇಳೆಯಿಲ್ಲ. ಅದು ಧಾರ್ಮಿಕ ಆಚರಣೆ, ಚಿಕಿತ್ಸೆಯಲ್ಲ. ಆದರೂ ಬೇಳೆಯಿಲ್ಲದೆ ಸಾರು ಮಾಡುವ ಕೈಚಳಕ ಆ ಅಡುಗೆಮನೆಗಳಲ್ಲಿದೆ, ಐಬಿಎಸ್ ಇರುವವರು ಅದನ್ನು ಕೇಳಿ ಕಲಿಯಬಹುದು.

ಅಪಾಯವಿರುವುದು ಮೊದಲ ಹಂತದಲ್ಲೇ ನಿಂತುಬಿಡುವುದರಲ್ಲಿ. ಹೊಟ್ಟೆ ಸುಮ್ಮನಾದ ಖುಷಿಯಲ್ಲಿ, ಬಿಟ್ಟದ್ದನ್ನು ಮತ್ತೆ ಮುಟ್ಟಲು ಜನ ಹೆದರುತ್ತಾರೆ. ಸಸ್ಯಾಹಾರಿಗಳಿಗೆ ಬೇಳೆಯೇ ಮುಖ್ಯ ಪ್ರೋಟೀನ್, ಹಾಲೇ ಮುಖ್ಯ ಕ್ಯಾಲ್ಸಿಯಂ. ಎರಡನ್ನೂ ವರ್ಷಗಟ್ಟಲೆ ಬಿಟ್ಟರೆ ದೇಹ ಸೊರಗುತ್ತದೆ. ಈ ಸಕ್ಕರೆಗಳೇ ಬೈಫಿಡೊಬ್ಯಾಕ್ಟೀರಿಯಾ ಎಂಬ ಒಳ್ಳೆಯ ಜೀವಾಣುಗಳ ಆಹಾರವಾದ್ದರಿಂದ, ಕೆಲವೇ ವಾರಗಳ ಪಥ್ಯದಲ್ಲೂ ಅವುಗಳ ಸಂಖ್ಯೆ ಇಳಿಯುವುದು ಕಂಡುಬಂದಿದೆ. ಆರು ವಾರವಾದರೂ ಗುಣ ಕಾಣದವರು ಪಥ್ಯವನ್ನು ಕೈಬಿಟ್ಟು ಮಾಮೂಲಿ ಊಟಕ್ಕೆ ಮರಳಬೇಕು. ಮಕ್ಕಳು, ಗರ್ಭಿಣಿಯರು, ಈಗಾಗಲೇ ತೂಕ ಕಡಿಮೆಯಿರುವವರು ಆಹಾರತಜ್ಞರ ಕಣ್ಗಾವಲಿಲ್ಲದೆ ಇದನ್ನು ಶುರುಮಾಡಬಾರದು. ಊಟವೆಂದರೆ ದಿಗಿಲು ಬೀಳುವ, ತಿನ್ನುವುದನ್ನೇ ಬಿಡುವ ಮನಸ್ಸಿನ ತೊಂದರೆ ಇರುವವರಿಗಂತೂ ಇದು ಬೇಡವೇ ಬೇಡ.

ಎರಡನೆಯ ಹಂತಕ್ಕೆ 6ರಿಂದ 8 ವಾರ ಹಿಡಿಯುತ್ತದೆ. ಪಥ್ಯದ ಊಟವನ್ನು ಹಾಗೇ ಇಟ್ಟುಕೊಂಡು, ಒಂದು ಸಲಕ್ಕೆ ಒಂದೇ ಗುಂಪಿನ ಸಕ್ಕರೆಯನ್ನು ಪರೀಕ್ಷಿಸಬೇಕು. ಲ್ಯಾಕ್ಟೋಸ್‌ಗಾದರೆ ಮೊದಲ ದಿನ ಕಾಲು ಲೋಟ ಹಾಲು, ಮರುದಿನ ಅರ್ಧ, ಮೂರನೆಯ ದಿನ ಒಂದು ಲೋಟ. ನಡುವೆ ಹೊಟ್ಟೆ ಕೆಟ್ಟರೆ ಅಲ್ಲಿಗೇ ನಿಲ್ಲಿಸಿ, ಎಷ್ಟರಲ್ಲಿ ಕೆಟ್ಟಿತೆಂದು ಬರೆದಿಟ್ಟುಕೊಳ್ಳಬೇಕು. ಎರಡು ಮೂರು ದಿನ ಬಿಡುವು ಕೊಟ್ಟು ಮುಂದಿನ ಗುಂಪಿಗೆ ಹೋಗಬೇಕು: ಫ್ರಕ್ಟೋಸ್‌ಗೆ ಜೇನು, ಮ್ಯಾನಿಟಾಲ್‌ಗೆ ಹೂಕೋಸು. ಗೋಧಿ, ಈರುಳ್ಳಿ, ಬೆಳ್ಳುಳ್ಳಿ ಮೂರರಲ್ಲೂ ಫ್ರಕ್ಟಾನ್ ಇದ್ದರೂ ಬೇರೆಬೇರೆಯಾಗಿ ನೋಡಬೇಕು. ಬೆಳ್ಳುಳ್ಳಿ ಆಗದವರಿಗೆ ಎರಡು ಚಪಾತಿ ಆಗಬಹುದು. ಹಾಲು ಕುಡಿದ ದಿನವೇ ಮದುವೆಮನೆಯ ಊಟವನ್ನೂ ಉಂಡರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಮೂರನೆಯ ಹಂತವೇ ಮುಂದಿನ ದಿನಗಳ ಊಟ. ಪರೀಕ್ಷೆಯಲ್ಲಿ ಒಗ್ಗಿದ್ದೆಲ್ಲ ತಟ್ಟೆಗೆ ಮರಳುತ್ತದೆ, ಒಗ್ಗದ್ದನ್ನೂ ತಡೆದುಕೊಳ್ಳುವಷ್ಟು ಮಾತ್ರ ತಿನ್ನಬಹುದು. ಬಹುತೇಕರಿಗೆ ಆಗದ ಗುಂಪುಗಳು ಒಂದೆರಡೇ ಇರುತ್ತವೆ. ಒಂದೇ ಊಟದಲ್ಲಿ ಹುಳಿ, ಮಾವಿನಹಣ್ಣು, ಪಾಯಸ ಮೂರೂ ಬಿದ್ದರೆ ಸಕ್ಕರೆಗಳು ಕೂಡಿಕೊಂಡು ಕಾಡುತ್ತವೆ, ಹೊತ್ತು ಬಿಟ್ಟು ಬೇರೆಬೇರೆಯಾಗಿ ತಿಂದರೆ ಅವೇ ತಡೆಯುತ್ತವೆ. ಸಹಿಸುವ ಶಕ್ತಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಇಂದು ಆಗದೆಂದು ಬಿಟ್ಟ ಆಹಾರವನ್ನು ಕೆಲವು ತಿಂಗಳ ನಂತರ, ಅದೇ ಸಣ್ಣ ಅಳತೆಯಿಂದ, ಇನ್ನೊಮ್ಮೆ ತಿಂದು ನೋಡಬೇಕು.